ಶ್ವೇತಭವನ ಬಿಟ್ಟು ಬಿಸಿನೀರಿನ ಪಂಪು ನೋಡಿದ್ದು

ಅಮೆರಿಕಕ್ಕೆ ಹೋಗಿಬಂದ ಮೇಲೆ ಮೈಸೂರಿನ ನನ್ನ ಕ್ಲಿನಿಕ್ಕಿಗೆ ಬರುವವರೆಲ್ಲ ಕುರ್ಚಿಯಲ್ಲಿ ಒರಗುವ ಮೊದಲೇ ಕೇಳುವ ಪ್ರಶ್ನೆ ಒಂದೇ: ‘ವೈಟ್ ಹೌಸ್ ನೋಡಿದ್ರಾ ಡಾಕ್ಟ್ರೇ?’ ನಾನು ಹಲ್ಲಿನ ವೈದ್ಯೆ. ಬಾಯಿಗೆ ಹತ್ತಿ ತುರುಕಿಬಿಟ್ಟರೆ ಎರಡನೆಯ ಪ್ರಶ್ನೆ ಬರುವುದಿಲ್ಲ. ಇಷ್ಟು ದಿನ ಹಾಗೇ ತಪ್ಪಿಸಿಕೊಂಡೆ. ಓದುಗರ ಬಾಯಿಗೆ ಹತ್ತಿ ತುರುಕಲು ಆಗುವುದಿಲ್ಲವಾದ್ದರಿಂದ ಇಲ್ಲಿ ನಿಜ ಹೇಳುತ್ತೇನೆ. ನೋಡಲಿಲ್ಲ. ತಂಗಿಯ ಮನೆಯಿಂದ ಕಾರಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ, ಆದರೂ ನೋಡಲಿಲ್ಲ. ಅದರ ಬದಲು ಮೂರು ರಾಜ್ಯಗಳಲ್ಲಿ ಮೂರು ಮನೆಗಳ ಬಿಸಿನೀರಿನ ಪಂಪು ನೋಡಿ ಬಂದೆ. ಅಧ್ಯಕ್ಷರ ಮನೆಯಲ್ಲಿ ಬಿಸಿನೀರು ಹೇಗೆ ಬರುತ್ತದೋ ನನಗೆ ಗೊತ್ತಿಲ್ಲ, ಹರ್ನ್‌ಡನ್ನಿನ ಪ್ರಸಾದನ ಮನೆಯಲ್ಲಿ ಹೇಗೆ ಬರುತ್ತದೆಂದು ಬೇಕಾದರೆ ಚಿತ್ರ ಬರೆದು ತೋರಿಸುತ್ತೇನೆ.

ಜರ್ಮನ್‌ಟೌನ್

ನನ್ನ ತಂಗಿ ವಾಣಿ ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಕು ಹರಿಯುವ ಮೊದಲೇ ಹೊರಡಬೇಕು. ಅವಳ ಗಂಡ ರಘುವಿಗೆ ಆ ಕಷ್ಟವಿಲ್ಲ. ಕೋವಿಡ್ ಕಾಲದಲ್ಲಿ ಆಫೀಸಿನವರು ಅವನನ್ನು ಮನೆಗೆ ಕಳಿಸಿದವರು ವಾಪಸು ಕರೆಯಲು ಮರೆತಿದ್ದಾರೆ, ಅವನೂ ನೆನಪಿಸಿಲ್ಲ.

ಹೋದ ಮರುದಿನವೇ ಅವರ ಮನೆಯ ಸಮಸ್ಯೆ ನನಗೆ ಅರ್ಥವಾಯಿತು. ನಮ್ಮಲ್ಲಿ ಗೀಸರ್ ಇರುವುದು ಬಚ್ಚಲಿನಲ್ಲಿ, ನೆತ್ತಿಯ ಮೇಲೆ. ನಲ್ಲಿ ತಿರುಗಿಸಿದರೆ ಬಿಸಿನೀರು. ಅಲ್ಲಿ ಹೀಟರನ್ನು ಏನೋ ತಪ್ಪು ಮಾಡಿದವನ ಹಾಗೆ ನೆಲಮಾಳಿಗೆಯ ಮೂಲೆಯಲ್ಲಿ ನಿಲ್ಲಿಸಿರುತ್ತಾರೆ. ಬಚ್ಚಲು ಇರುವುದು ಎರಡು ಮಹಡಿ ಮೇಲೆ, ಅದೂ ಮನೆಯ ಇನ್ನೊಂದು ತುದಿಯಲ್ಲಿ. ಬಿಸಿನೀರು ಅಲ್ಲಿಂದ ಹೊರಟು, ಗೋಡೆಗಳೊಳಗೆ ಸುತ್ತಾಡಿ, ವಾಣಿಯ ಕೈಗೆ ಬರುವಷ್ಟರಲ್ಲಿ ಅವಳ ಅರ್ಧ ಆಯುಸ್ಸು ಮುಗಿದಿರುತ್ತದೆ. ಮಾರ್ಚ್ ತಿಂಗಳ ಆ ಚಳಿಯಲ್ಲಿ ನಲ್ಲಿಯ ಕೆಳಗೆ ಕೈ ಹಿಡಿದು, ಕಣ್ಣು ಮುಚ್ಚಿ, ನಿಂತಲ್ಲೇ ತೂಕಡಿಸುವ ತಂಗಿಯನ್ನು ಬಾಗಿಲಲ್ಲಿ ನಿಂತು ನೋಡಿದೆ. ಎಷ್ಟೋ ದಿನ ಕಾದು ಸಾಕಾಗಿ ತಣ್ಣೀರಿನಲ್ಲೇ ಮುಖ ತೊಳೆದು ಓಡುತ್ತಾಳಂತೆ.

ಇದಕ್ಕೆ ಅಲ್ಲಿಯವರು ಕಂಡುಕೊಂಡ ಉಪಾಯ ಒಂದು ಸಣ್ಣ ಪಂಪು. ಪೈಪಿನಲ್ಲಿ ನಿಂತು ತಣ್ಣಗಾದ ನೀರನ್ನು ಅದು ಮತ್ತೆ ಹೀಟರಿಗೆ ತಳ್ಳುತ್ತಾ, ಬಿಸಿನೀರನ್ನು ಯಾವಾಗಲೂ ನಲ್ಲಿಯ ಬಾಗಿಲಲ್ಲೇ ತಂದು ನಿಲ್ಲಿಸಿರುತ್ತದೆ. ಈ ಮನೆಗೆ ಬಂದಾಗಿನಿಂದ ವಾಣಿ ಅದನ್ನು ಕೇಳುತ್ತಿದ್ದಾಳೆ. ರಘು ಬೇಡ ಎಂದಿಲ್ಲ. ಬೇಡ ಎನ್ನುವ ಗಂಡನ ಜೊತೆ ಜಗಳವಾಡಬಹುದು. ಇವನು ‘ನೋಡೋಣ’ ಎನ್ನುವವನು.

‘ಅತ್ತಿಗೆ, ದಿನವಿಡೀ ಒಂದು ಮೋಟರ್ ಓಡಿದ್ರೆ ಎಷ್ಟು ಕರೆಂಟ್ ತಿನ್ನುತ್ತೆ ಅಂತ ಗೊತ್ತಿಲ್ದೆ ಹೇಗೆ ಹಾಕೋದು ಹೇಳಿ,’ ಎಂದು ನನ್ನನ್ನೇ ನ್ಯಾಯಾಧೀಶೆ ಮಾಡಿದ. ‘ಡೇಟಾ ಇಲ್ದೆ ನಾನು ಒಂದು ಬಲ್ಬೂ ಚೇಂಜ್ ಮಾಡಲ್ಲ.’

ಅದು ನಿಜ. ಅವರ ಅಡುಗೆಮನೆಯ ಒಂದು ಬಲ್ಬು ನಾನು ಇರುವಷ್ಟು ದಿನವೂ ಮಿಣುಕುತ್ತಲೇ ಇತ್ತು.

ಅವನ ಸ್ವಂತ ಸ್ನಾನಕ್ಕೆ ಪಂಪು ಬೇಕಿಲ್ಲ. ಬಚ್ಚಲ ತೊಟ್ಟಿಯೊಳಗೆ ಪ್ಲಾಸ್ಟಿಕ್ ಬಕೆಟ್ಟು, ಬಕೆಟ್ಟಿನೊಳಗೆ ಊರಿಂದ ತಂದ ಚೊಂಬು. ಮೊದಲು ಬರುವ ತಣ್ಣೀರು ಬಕೆಟ್ಟಿನ ತಳಕ್ಕೆ, ಆಮೇಲೆ ಬರುವ ಬಿಸಿನೀರು ಅದರ ಮೇಲಕ್ಕೆ, ಹದವಾದ ಕೂಡಲೇ ಗಂಗೇಚ ಯಮುನೇಚೈವ. ಒಂದು ಹನಿಯೂ ಪೋಲಾಗುವುದಿಲ್ಲ. ಬಕೆಟ್ ತುಂಬುವವರೆಗೆ ಫೋನು ನೋಡುತ್ತಾನೆ. ಶವರಿನ ಕೆಳಗೆ ಐದು ನಿಮಿಷ ನಿಂತು ಓಡಬೇಕಾದವಳ ಕಷ್ಟ ಬಕೆಟ್ಟಿನವನಿಗೆ ತಿಳಿಯುವುದು ಹೇಗೆ? ವಾಣಿ ಕಾಯುವಾಗ ಹಿಡಿದಿಟ್ಟ ತಣ್ಣೀರನ್ನೂ ಅವನು ಬಿಡದೆ ಮಹಡಿಯ ಕರಿಬೇವಿನ ಕುಂಡಕ್ಕೆ ಸುರಿಯುತ್ತಿದ್ದ. ಕರಿಬೇವು ಬೇರು ಕೊಳೆತು ಸತ್ತಿತು. ಅಮೆರಿಕದಲ್ಲಿ ಕರಿಬೇವು ಸಾಯುವುದೆಂದರೆ ಸಣ್ಣ ಸಾವಲ್ಲ. ಪರಿಚಿತರೆಲ್ಲ ಫೋನು ಮಾಡಿ ವಿಚಾರಿಸಿದರು.

ಈ ಎಲ್ಲದರ ನಡುವೆ ರಘು ನನ್ನನ್ನು ದಕ್ಷಿಣದ ರಾಜ್ಯಗಳಿಗೆ ಸುತ್ತಾಡಿಸಲು ರಜೆ ಹಾಕಿದ. ವಾಣಿಗೆ ರಜೆ ಸಿಗಲಿಲ್ಲ. ಎಲ್ಲಿಗೆಲ್ಲ ಹೋಗುವುದು ಎಂದು ಕೇಳಿದೆ. ಹರ್ನ್‌ಡನ್, ಶಾರ್ಲೆಟ್, ನಾರ್‌ಕ್ರಾಸ್ ಎಂದ. ಅಲ್ಲೆಲ್ಲ ನೋಡುವಂಥದ್ದು ಏನಿದೆ ಎಂದು ಕೇಳಿದೆ. ಫ್ರೆಂಡ್ಸ್ ಇದ್ದಾರೆ ಎಂದ. ಮೂರೂ ಮನೆಗಳಲ್ಲಿ ಮೂರು ಬಗೆಯ ಪಂಪುಗಳಿವೆ ಎಂಬ ಸತ್ಯ ಕಾರಿನಲ್ಲಿ ಬೆಲ್ಟು ಹಾಕಿಕೊಂಡ ಮೇಲೆ ಹೊರಬಿತ್ತು. ವೈಟ್ ಹೌಸನ್ನು ಬರುವಾಗ ನೋಡೋಣ ಎಂದ.

ಆದರೆ ವಾಣಿಗೆ ಎಲ್ಲ ಮೊದಲೇ ಗೊತ್ತಿತ್ತು. ಹೊರಡುವ ಮುನ್ನ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದಳು. ‘ಅಕ್ಕ, ಇವ್ರು ಆ ಮನೆಗಳಲ್ಲೆಲ್ಲ ಮೆಷರ್ ಮಾಡಿ ಬಂದು ಡಿಸೈಡ್ ಮಾಡ್ತಾರಂತೆ. ಬೇಡ ಅಂತ ಬಂತೋ, ನಂಗೆ ಈ ಜನ್ಮದಲ್ಲಿ ಪಂಪ್ ಇಲ್ಲ. ನೀನು ಜೊತೇಲಿರು. ಬೇಕು ಅಂತ ಬರೋ ಹಾಗೆ ನೋಡ್ಕೊ.’

ತಂಗಿಯ ಕೈ ಹಿಡಿದು ಮಾತು ಕೊಟ್ಟೆ. ಅವಳ ಕೈ ಮಂಜುಗಡ್ಡೆಯ ಹಾಗಿತ್ತು.

ಹರ್ನ್‌ಡನ್

ಪ್ರಸಾದ ಮತ್ತು ಶೈಲಜಾ ವರ್ಜೀನಿಯಾದ ಹರ್ನ್‌ಡನ್ನಿನಲ್ಲಿ, ಒಂದರ ಪಕ್ಕ ಒಂದು ಅಂಟಿಸಿದ ಮನೆಗಳ ಸಾಲಿನಲ್ಲಿ ಇದ್ದಾರೆ. ಪ್ರಸಾದ ರಘುವಿನ ಕಾಲೇಜು ಗೆಳೆಯ. ಹಲ್ಲು ಕಟಕಟ ಕಡಿಯುವ ಅಭ್ಯಾಸ ಇಬ್ಬರಿಗೂ ಇದೆ. ಒಂದೇ ಹಾಸ್ಟೆಲಿನ ಊಟದ ಪ್ರಭಾವ ಇರಬೇಕು. ಪ್ರಸಾದನ ಪಂಪು ಹಗಲೂ ರಾತ್ರಿ ನಿಲ್ಲದೆ ಓಡುವ ಜಾತಿಯದು.

ಹೋದ ಕೂಡಲೇ ಕುಡಿಯಲು ನೀರು ಕೇಳಿದೆ. ಬೆಚ್ಚಗಿತ್ತು. ಶೀತದ ಭಯಕ್ಕೆ ಬಿಸಿ ಮಾಡಿದ್ದಾರೆಂದು, ‘ತಣ್ಣೀರೇ ಸಾಕಮ್ಮ’ ಎಂದೆ.

‘ಇದು ತಣ್ಣೀರೇ ಆಂಟಿ,’ ಎಂದಳು ಶೈಲಜಾ. ‘ಪಂಪ್ ಹಾಕಿದ್ಮೇಲೆ ನಮ್ಮನೇಲಿ ಎರಡೂ ನಲ್ಲೀಲೂ ಬೆಚ್ಚಗೇ ಬರತ್ತೆ. ಫ್ರಿಜ್ಜಿಂದ ಕೊಡ್ಲಾ?’

ಬಿಸಿನೀರನ್ನು ವಾಪಸು ಕಳಿಸಲು ಬೇರೆ ಪೈಪು ಇಲ್ಲದ ಮನೆಗಳಲ್ಲಿ ತಣ್ಣೀರಿನ ಪೈಪಿನಲ್ಲೇ ಕಳಿಸುತ್ತಾರಂತೆ, ಹಾಗಾಗಿ ಅದೂ ಸ್ವಲ್ಪ ಹೊತ್ತು ಬೆಚ್ಚಗೆ ಬರುತ್ತದಂತೆ. ನನಗೆ ಶೈಲಜಾಳ ನೀರಿಗಿಂತ ಅವಳು ನನ್ನನ್ನು ಆಂಟಿ ಎಂದದ್ದು ಹೆಚ್ಚು ಬಿಸಿ ಮುಟ್ಟಿಸಿತು. ಅವಳಿಗೂ ನನಗೂ ಅಂಥ ವ್ಯತ್ಯಾಸವಿಲ್ಲ. ಅಮೆರಿಕದ ಕನ್ನಡಿಗರಲ್ಲಿ ಕೂದಲಿಗೆ ಬಣ್ಣ ಹಚ್ಚದ ಹೆಂಗಸರೆಲ್ಲರೂ ಆಂಟಿಯೇ.

ಅವರ ಮನೆಯಲ್ಲಿ ಬೋಂಡ ಎಂಬ ಬೆಕ್ಕಿತ್ತು. ಸೋಫಾ ಇದೆ, ಮೆತ್ತನೆಯ ಹಾಸಿಗೆ ಕೊಡಿಸಿದ್ದಾರೆ, ಆದರೂ ಅದು ಮಲಗುವುದು ಹಜಾರದ ಬರೀ ನೆಲದ ಮೇಲೆ, ಯಾರೋ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟ ಹಾಗೆ ಒಂದೇ ನೇರದಲ್ಲಿ ಉದ್ದಕ್ಕೆ ಚಾಚಿಕೊಂಡು. ಆಗಾಗ ಎದ್ದು, ಅದೇ ಗೆರೆಯ ಮೇಲೆ ಎರಡು ಹೆಜ್ಜೆ ಮುಂದೆ ಹೋಗಿ, ಮತ್ತೆ ಮಲಗುತ್ತಿತ್ತು. ಬೆಕ್ಕಿಗೂ ಒಂದು ಶಿಸ್ತು ಎಂದುಕೊಂಡೆ.

ರಘು ಚೀಲದಿಂದ ತನ್ನ ಮೀಟರು ತೆಗೆದ. ಅಂಗೈ ಅಗಲದ ಬಿಳಿ ಡಬ್ಬ. ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ, ಅದಕ್ಕೆ ಪಂಪಿನ ಪ್ಲಗ್ಗು ಚುಚ್ಚಿದರೆ ಪಂಪು ಎಷ್ಟು ವ್ಯಾಟ್ ನುಂಗುತ್ತಿದೆ ಎಂದು ತೋರಿಸುತ್ತದೆ. ಇಡೀ ರಾತ್ರಿ ಅಳೆಯಬೇಕು ಎಂದ. ಅರ್ಧ ಗಂಟೆಗೂ ಸ್ವಲ್ಪ ಹೆಚ್ಚು ದೂರದಲ್ಲಿ ತಂಗಿಯ ಮನೆ ಇಟ್ಟುಕೊಂಡು ಹೀಗೆ ಇನ್ನೊಬ್ಬರ ನೆಲಮಾಳಿಗೆಯಲ್ಲಿ ನನಗೆ ಹಾಸಿಗೆಯಾಯಿತು. ನನ್ನ ಬಚ್ಚಲಿನ ಪಕ್ಕದ ಗೂಡಿನಲ್ಲೇ ಹೀಟರು, ಪಂಪು, ಮೀಟರು. ರಾತ್ರಿಯೆಲ್ಲ ಗುಂಯ್ ಎನ್ನುತ್ತಿತ್ತು.

ಬೆಳಿಗ್ಗೆ ಸ್ನಾನಕ್ಕೆ ಹೊರಟೆ. ಗೀಸರ್ ಸ್ವಿಚ್ ಆರಿಸದೆ ಮೈಮೇಲೆ ನೀರು ಹಾಕಿಕೊಳ್ಳಬಾರದು ಎಂಬುದು ನಮ್ಮಮ್ಮನ ಕಟ್ಟಪ್ಪಣೆ. ಶಾಕ್ ಹೊಡೆದು ಸತ್ತವರ ಕಥೆಗಳನ್ನು ಅವಳು ಅನ್ನ ಕಲೆಸುತ್ತಾ ಹೇಳುತ್ತಿದ್ದಳು. ಆ ಶಿಕ್ಷಣ ಎಲ್ಲಿ ಹೋಗುತ್ತದೆ? ಸ್ವಿಚ್ಚಿಗೆ ಹುಡುಕಿದೆ. ಅಲ್ಲಿಯ ಸಾಕೆಟ್ಟುಗಳಿಗೆ ಸ್ವಿಚ್ಚೇ ಇರುವುದಿಲ್ಲ. ಸರಿ, ಗೂಡಿನಲ್ಲಿ ಗುಂಯ್ ಎನ್ನುತ್ತಿದ್ದುದರ ಪ್ಲಗ್ಗನ್ನೇ ಕಿತ್ತು ಮೀಟರಿನ ಪಕ್ಕ ನೀಟಾಗಿ ಇಟ್ಟೆ. ನೀರು ಬಿಸಿಯಾಗಿಯೇ ಬಂತು, ಹೀಟರು ಅಲ್ಲೇ ಇತ್ತಲ್ಲ. ಸ್ನಾನ ಮುಗಿಸಿ, ಕುಂಕುಮ ಇಟ್ಟುಕೊಂಡು ಮೇಲೆ ಹೋಗಿ ಕಾಫಿ ಕುಡಿದೆ. ಪ್ಲಗ್ಗಿನ ವಿಷಯ ಪೂರ್ತಿ ಮರೆತೆ.

ಫೋನಿನಲ್ಲೇ ಮೀಟರಿನ ಲೆಕ್ಕ ನೋಡುತ್ತಿದ್ದ ರಘು ಇದ್ದಕ್ಕಿದ್ದಂತೆ ಸ್ತಬ್ಧನಾದ. ‘ಪ್ರಸಾದ, ನಿನ್ನ ಪಂಪ್ ಝೀರೋ ತೋರಿಸ್ತಿದೆ ಕಣೋ.’

‘ಸ್ಮಾರ್ಟ್ ಪಂಪ್ ಅದು,’ ಎಂದ ಪ್ರಸಾದ, ಒಂದು ಕ್ಷಣವೂ ತಡವರಿಸದೆ. ‘ನಮ್ಮ ಪ್ಯಾಟರ್ನ್ ಲರ್ನ್ ಮಾಡಿರತ್ತೆ. ಅಗತ್ಯ ಇಲ್ದಾಗ ನಿದ್ದೆ ಮಾಡತ್ತೆ.’

‘ಆದ್ರೆ ಇದು ಎಲ್ರೂ ಸ್ನಾನ ಮಾಡೋ ಟೈಮಲ್ವ?’

‘ಅದೇ ಅದರ ಬ್ಯೂಟಿ. ಮುಂಚೇನೇ ಪೈಪೆಲ್ಲ ಕಾಯಿಸಿ ಇಟ್ಟು ಮಲಗಿದೆ.’

ಇಬ್ಬರು ಇಂಜಿನಿಯರುಗಳು ಆ ಸೊನ್ನೆಯ ಸೊಬಗನ್ನು ವರ್ಣಿಸುತ್ತಾ ಎರಡನೆಯ ಕಾಫಿ ಕುಡಿದರು. ನಾನೂ ತಲೆದೂಗಿದೆ, ಸೊನ್ನೆ ವ್ಯಾಟಿನ ಪಂಪಿಗೆ ರಘು ಬೇಡ ಎನ್ನಲು ಸಾಧ್ಯವಿಲ್ಲವಲ್ಲ, ತಂಗಿಯ ಕೆಲಸ ಇಲ್ಲೇ ಆಯಿತು ಎಂದು. ಅಷ್ಟರಲ್ಲಿ ಮೂರನೆಯ ಮಹಡಿಯಿಂದ ಶೈಲಜಾ ಇಳಿದು ಬಂದಳು. ತಲೆಗೆ ಟವೆಲು, ಹುಬ್ಬಿನ ಮೇಲೆ ಶಾಂಪೂ ನೊರೆ.

‘ಪ್ರಸಾದ್,’ ಎಂದಳು ಬಹಳ ಮೆತ್ತಗೆ. ‘ತಣ್ಣೀರು.’

ಆ ಮೆತ್ತಗಿನ ದನಿ ಕೇಳಿ ಪ್ರಸಾದ ನೆಲಮಾಳಿಗೆಗೆ ಓಡಿದ. ಹಿಂದೆಯೇ ರಘು. ಆಗ ನನಗೆ ಪ್ಲಗ್ಗು ನೆನಪಾಯಿತು. ವಿಷಯ ಗೊತ್ತಾದ ಮೇಲೆ ಪ್ರಸಾದ ನನ್ನನ್ನು ಬೈಯಲಿಲ್ಲ. ಅವನ ತಾಯಿ ಬಂದಿದ್ದಾಗಲೂ ಹಾಗೇ ಮಾಡುತ್ತಿದ್ದರಂತೆ. ಅವರು ಇದ್ದಷ್ಟು ತಿಂಗಳೂ ಕರೆಂಟ್ ಬಿಲ್ಲು ಸೊಗಸಾಗಿತ್ತಂತೆ.

ರಾತ್ರಿಯ ಲೆಕ್ಕ ಮಾತ್ರ ಉಳಿದಿತ್ತು. ಪಂಪು ತಿನ್ನುವುದು ಒಂದು ಸಣ್ಣ ಬಲ್ಬಿನಷ್ಟೇ ಎಂದು ತಿಳಿಯಿತು. ರಘುವಿನ ಮುಖ ಸಪ್ಪಗಾಯಿತು, ನನ್ನದು ಅರಳಿತು. ವಾಣಿಗೆ ಫೋನಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದೆ.

ಶಾರ್ಲೆಟ್

ಅಮೆರಿಕದ ಹೆದ್ದಾರಿಯ ಬಗ್ಗೆ ಬರೆಯಲು ಏನೂ ಇಲ್ಲ. ಮರ, ಮರ, ಒಂದು ಬೋರ್ಡು, ಮರ. ಎಳನೀರಿನವನಿಲ್ಲ, ಅಡ್ಡ ಬರುವ ಹಸುವಿಲ್ಲ, ಬೈದಾಡಲು ಯಾರೂ ಇಲ್ಲ. ಇಂಥ ದಾರಿಯಲ್ಲಿ ರಘು ಸತತವಾಗಿ ಪಂಪುಗಳ ಬಗ್ಗೆ ಮಾತಾಡಿದ. ಹಲ್ಲು ಕೀಳಿಸಿಕೊಳ್ಳುವವರಿಗೆ ನಾವು ಮರಗಟ್ಟುವ ಇಂಜೆಕ್ಷನ್ ಕೊಡುತ್ತೇವೆ. ಕೇಳುವವರಿಗೂ ಅಂಥದ್ದೊಂದು ಇರಬೇಕಿತ್ತು.

ಉತ್ತರ ಕೆರೊಲಿನಾದ ಶಾರ್ಲೆಟ್‌ನಲ್ಲಿ ಲಿಲ್ಲಿ ಆಂಟಿಯ ಮನೆ. ಉಡುಪಿ ಕಡೆಯ ಕ್ರಿಶ್ಚಿಯನ್ನರು, ನರ್ಸಾಗಿದ್ದು ನಿವೃತ್ತರಾದವರು. ಇವರು ನಿಜವಾದ ಆಂಟಿ, ನಾನೂ ಧೈರ್ಯವಾಗಿ ಆಂಟಿ ಎಂದೆ. ಕಟ್ಟಿಸಿದ ಹಲ್ಲಿನ ಸೆಟ್ಟು ಅದ್ಭುತವಾಗಿತ್ತು. ಯಾರು ಮಾಡಿದ್ದು ಎಂದು ಕೇಳದೆ ಇರಲು ಬಹಳ ಕಷ್ಟಪಟ್ಟೆ.

ಅವರ ಪಂಪಿಗೆ ಟೈಮರ್ ಇದೆ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ಓಡಬೇಕು. ಉಳಿದ ಹೊತ್ತು ಸುಮ್ಮನಿರಬೇಕು. ರಘುವಿನ ಪ್ರಕಾರ ಇದು ಅತ್ಯಂತ ವೈಜ್ಞಾನಿಕ. ನಾವು ಹೋದಾಗ ನಡು ಮಧ್ಯಾಹ್ನ. ಮನೆಯೆಲ್ಲ ಸಾಂಬ್ರಾಣಿ ಸೋಪಿನ ವಾಸನೆ. ಆಂಟಿ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಬಾಗಿಲು ತೆರೆದರು. ಅಂಕಲ್ ಸ್ನಾನದಲ್ಲಿದ್ದಾರೆ ಎಂದರು.

‘ಈಗ ಸ್ನಾನವಾ ಆಂಟಿ?’ ಎಂದು ಕೇಳಿದೆ.

‘ಎಂತ ಮಾಡುದು ಮಾರಾಯ್ತಿ, ನಮ್ಮ ಪಂಪಿಗೆ ಈಗ ಬೆಳಿಗ್ಗೆ,’ ಎಂದರು. ಯಾವಾಗಲೋ ಬಿರುಗಾಳಿಗೆ ಕರೆಂಟು ಹೋಗಿ ಟೈಮರಿನ ಗಡಿಯಾರ ನಿಂತಿತ್ತಂತೆ. ಕರೆಂಟು ಬಂದಾಗ ಅದು ನಿಂತಲ್ಲಿಂದ ಮುಂದುವರಿಯಿತು. ಆಮೇಲೆ ಇನ್ನೊಮ್ಮೆ ಹೋಯಿತು. ಸಾಲದ್ದಕ್ಕೆ ಅಮೆರಿಕದವರು ವರ್ಷಕ್ಕೆರಡು ಸಲ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಆಟ ಬೇರೆ.

‘ಟೈಮರ್ ಸರಿ ಮಾಡ್ಬಹುದಲ್ಲ ಆಂಟಿ,’ ಎಂದ ರಘು, ನೊಂದ ದನಿಯಲ್ಲಿ. ‘ಎರಡು ನಿಮಿಷದ ಕೆಲ್ಸ.’

‘ಅದು ಹೀಟರಿನ ಹಿಂದೆ ಉಂಟು. ನನ್ನ ಕೈ ಹೋಗುದಿಲ್ಲ, ಇವರ ಹೊಟ್ಟೆ ಹೋಗುದಿಲ್ಲ. ಬಿಸಿನೀರು ಬರುವಾಗ ನಾವು ಸ್ನಾನ ಮಾಡ್ತೇವೆ, ಅಷ್ಟೇ. ರಿಟೈರ್ಡ್ ಆದವರಿಗೆ ಬೆಳಿಗ್ಗೆ ಆದರೆಂತ, ಮಧ್ಯಾಹ್ನ ಆದರೆಂತ? ನೀವು ಊಟ ಮಾಡಿ ಮೊದಲು.’

ಕೋರಿರೊಟ್ಟಿ ಮಾಡಿದ್ದರು. ರಘು ಊಟಕ್ಕೂ ಮೊದಲೇ ಹೀಟರಿನ ಹಿಂದೆ ಹೊಟ್ಟೆಯುಜ್ಜಿಕೊಂಡು ತೂರಿ, ಟೈಮರು ಸರಿಮಾಡಿ, ಮೈಯೆಲ್ಲ ಜೇಡರಬಲೆಯಾಗಿ ಬಂದ. ಆಂಟಿ ಥ್ಯಾಂಕ್ಸ್ ಹೇಳಿದರು. ಮರುದಿನ ಬೆಳಿಗ್ಗೆ ಮನೆಯಲ್ಲಿ ಬಿಸಿನೀರು ಚುರುಚುರು ಬರುತ್ತಿತ್ತು. ಆಂಟಿ, ಅಂಕಲ್ ಇಬ್ಬರೂ ಗಡದ್ದಾಗಿ ನಿದ್ದೆ ಮಾಡುತ್ತಿದ್ದರು. ಮಧ್ಯಾಹ್ನ ನಾವು ಹೊರಡುವಾಗ ಅಂಕಲ್ ಹೆಗಲ ಮೇಲೆ ಟವೆಲು ಹಾಕಿಕೊಂಡು ನಲ್ಲಿಯ ಕೆಳಗೆ ಕೈ ಹಿಡಿದು ಕಾಯುತ್ತಾ ರಘುವನ್ನೇ ನೋಡುತ್ತಿದ್ದರು. ನಾವು ಬೇಗ ಬೇಗ ಕಾರು ಹತ್ತಿದೆವು.

ದಕ್ಷಿಣ ಕೆರೊಲಿನಾ ಹೊಕ್ಕ ಸ್ವಲ್ಪ ಹೊತ್ತಿಗೆ ಹೆದ್ದಾರಿಯ ಪಕ್ಕ ಮರಗಳ ಮೇಲೆ ಒಂದು ಭಾರೀ ಪೀಚ್ ಹಣ್ಣು ಎದ್ದು ನಿಂತಿತು. ನೀರಿನ ಟ್ಯಾಂಕು. ಆ ಊರಿನವರು ಹಣ್ಣಿನ ಹೆಮ್ಮೆಗೆ ಹಾಗೆ ಕಟ್ಟಿಸಿದ್ದಾರೆ. ಆದರೆ ನಾವು ಬಂದ ದಿಕ್ಕಿನಿಂದ ಅದು ಹಣ್ಣಿನ ಹಾಗೆ ಕಾಣುತ್ತಿರಲಿಲ್ಲ, ಯಾರೋ ದೈತ್ಯ ನಮಗೆ ಬೆನ್ನು ತಿರುಗಿಸಿ ಚಡ್ಡಿ ಜಾರಿಸಿ ಕುಳಿತ ಹಾಗಿತ್ತು. ನಾನು ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆ. ರಘು ಅದನ್ನು ಗಂಭೀರವಾಗಿ ನೋಡಿ, ‘ಅಷ್ಟು ಎತ್ತರಕ್ಕೆ ನೀರು ಏರಿಸೋಕೆ ಎಂಥಾ ಪಂಪ್ ಬೇಕಾಗತ್ತೆ ಅತ್ತಿಗೆ,’ ಎಂದ. ಇಡೀ ಪ್ರಯಾಣದಲ್ಲಿ ನನ್ನ ತಂಗಿಯ ಬಗ್ಗೆ ನನಗೆ ಅತಿ ಹೆಚ್ಚು ಕನಿಕರ ಬಂದದ್ದು ಆ ಗಳಿಗೆಯಲ್ಲಿ.

ನಾರ್‌ಕ್ರಾಸ್

ಅಟ್ಲಾಂಟಾದ ಮಗ್ಗುಲಿನ ನಾರ್‌ಕ್ರಾಸ್‌ನಲ್ಲಿ ಬೆಂಗಳೂರಿನ ಸುರೇಶನ ಮನೆ. ಅಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಮೈಸೂರಿನಲ್ಲೂ ಸಿಗದಷ್ಟು ತಾಜಾ ಕರಿಬೇವು ಸಿಗುತ್ತದೆ. ರಘು ಒಂದು ಕಟ್ಟನ್ನು ಮೂಸಿ, ಏನೋ ನೆನಪಾಗಿ, ವಾಪಸು ಇಟ್ಟ.

ಸುರೇಶನ ಪಂಪಿಗೆ ಗುಂಡಿ ಇದೆ. ಬಚ್ಚಲ ಗೋಡೆಯ ಮೇಲಿನ ಆ ಗುಂಡಿ ಒತ್ತಿದರೆ ಮಾತ್ರ ಪಂಪು ಓಡಿ, ಬಿಸಿನೀರು ತಂದುಕೊಟ್ಟು ತಾನೇ ನಿಲ್ಲುತ್ತದೆ. ಅಳತೆ ಹಾಕಿದಾಗ ಇದು ತಿಂದದ್ದು ಲೆಕ್ಕಕ್ಕೇ ಸಿಗದಷ್ಟು. ಊಟಕ್ಕೆ ಕುಳಿತಾಗ ರಘು ಮೂರೂ ಮನೆಗಳ ಅಂಕಿಗಳನ್ನು ಹೋಲಿಸಿದ. ನಿಲ್ಲದೆ ಓಡುವ ಪ್ರಸಾದನ ಪಂಪು ಕೂಡ ಅಂಥ ಹೊಟ್ಟೆಬಾಕನಲ್ಲ. ಇನ್ನು ಬೇಡ ಎನ್ನಲು ಕಾರಣವೇ ಉಳಿದಿಲ್ಲ ಎಂದು ಅವನೇ ಒಪ್ಪಿಕೊಂಡ. ‘ಯಾವುದಾದ್ರೂ ಒಂದು ಹಾಕಿಸಬಹುದು ಅನ್ಸತ್ತೆ,’ ಎಂದ.

ಗೆದ್ದಿದ್ದೆ. ಬಾಯಿ ಮುಚ್ಚಿಕೊಂಡು ಬಿಸಿಬೇಳೆಭಾತು ತಿಂದಿದ್ದರೆ ಸಾಕಿತ್ತು. ಇನ್ನೊಬ್ಬರ ಬಾಯಿ ಮುಚ್ಚಿಸಿಯೇ ಬದುಕುವ ನನಗೆ ನನ್ನ ಬಾಯಿಯ ಮೇಲೆ ಹಿಡಿತವಿಲ್ಲ. ಮಾತಿಗೆ ಮಾತು ಸೇರಿಸೋಣವೆಂದು, ‘ಪ್ರಸಾದನ ಮನೆ ಬೆಕ್ಕು ಯಾಕೆ ಹಾಗೆ ಗೆರೆ ಎಳೆದ ಹಾಗೆ ಮಲಗತ್ತೆ ಅಂತ ಈಗ ಹೊಳೀತು ನೋಡಿ,’ ಎಂದೆ. ‘ಆ ಬಿಸಿನೀರಿನ ಪೈಪು ಅದೇ ನೆಲದ ಕೆಳಗೆ ಹೋಗಿರಬೇಕು. ಹೊಟ್ಟೆ ಬೆಚ್ಚಗಾಗತ್ತೆ ಅಂತ ಅಲ್ಲೇ ಬಿದ್ದಿರತ್ತೆ.’

ಎಲ್ಲರೂ ನಕ್ಕರು. ರಘು ನಗಲಿಲ್ಲ. ಕೈಯಲ್ಲಿದ್ದ ಹಪ್ಪಳ ಕೈಯಲ್ಲೇ ಉಳಿಯಿತು.

‘ಹಾಗಾದ್ರೆ ಆ ಬೆಕ್ಕನ್ನ ಕಾಯಿಸೋಕೆ ಹೀಟರಲ್ಲಿ ಉರೀತಿರೋ ಗ್ಯಾಸ್ ಯಾರದು?’ ಎಂದ.

ಹಪ್ಪಳವನ್ನು ತಟ್ಟೆಗಿಟ್ಟು ನನ್ನ ಕಡೆ ತಿರುಗಿದ.

‘ಅತ್ತಿಗೆ, ನಾನು ಪಂಪ್ ತಿನ್ನೋ ಕರೆಂಟ್ ಮಾತ್ರ ಅಳೆದೆ. ಪೈಪ್ ಇಡೀ ದಿನ ಬಿಸಿ ಇದ್ರೆ ಆ ಬಿಸಿ ಗೋಡೆಗೆ, ನೆಲಕ್ಕೆ, ಬೆಕ್ಕಿಗೆ ಹೋಗ್ತಾನೇ ಇರತ್ತೆ. ಹೀಟರ್ ಮತ್ತೆ ಮತ್ತೆ ಉರೀಬೇಕು. ನಿಜವಾದ ಖರ್ಚು ಅಲ್ಲಿದೆ. ಎಂಥಾ ಪಾಯಿಂಟ್ ಹೇಳಿದ್ರಿ ನೀವು.’

ಇಂಜಿನಿಯರೊಬ್ಬ ನನ್ನನ್ನು ಹೊಗಳಿದ್ದು ಅದೇ ಮೊದಲು, ಅದೇ ಕೊನೆಯಾಗಲಿ. ತಂಗಿಯ ಬಿಸಿನೀರಿಗೆ ನಾನೇ ಕಲ್ಲು ಹಾಕಿದ್ದೆ. ಹಾಗಿದ್ದರೆ ಸುರೇಶನ ಗುಂಡಿಯ ಪಂಪಾದರೂ ಆಗಬಹುದಲ್ಲ ಎಂದು ಗೋಗರೆದೆ. ಅದಕ್ಕೆ ಗೋಡೆ ಒಡೆದು ವೈರು ಎಳೆಯಬೇಕು, ನೋಡೋಣ ಎಂದ. ಆ ‘ನೋಡೋಣ’ದ ಅರ್ಥ ನನಗೆ ಗೊತ್ತಿತ್ತು.

ಅತಿಥಿ ಕೋಣೆಗೆ ಹೋಗಿ ವಾಣಿಗೆ ಫೋನು ಮಾಡಿದೆ. ಎಲ್ಲ ಹಾಳು ಮಾಡಿದೆ ಕಣೇ ಎಂದು ಬೆಕ್ಕಿನ ಕಥೆ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ‘ಹೋಗ್ಲಿ ಬಿಡು ಅಕ್ಕ, ನೀವು ಹುಷಾರಾಗಿ ಬನ್ನಿ,’ ಎಂದಳು. ಅವಳ ಆ ತಣ್ಣನೆಯ ದನಿ ಕೇಳಿ ನನಗೇ ಅಳು ಬಂತು.

ಮತ್ತೆ ಜರ್ಮನ್‌ಟೌನ್

ವಾಪಸು ಬರುವಾಗ ವೈಟ್ ಹೌಸಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮನೆಗೆ ಬಂದು ಊಟಕ್ಕೆ ಕುಳಿತಾಗ ರಘು ತೀರ್ಪು ಓದಿದ. ಪಂಪು ಮುಖ್ಯವಲ್ಲ, ಪೈಪಿನ ಶಾಖ ಮುಖ್ಯ, ಆದ್ದರಿಂದ ಸದ್ಯಕ್ಕೆ ಏನೂ ಬೇಡ. ವಾಣಿ ಅವನ ತಟ್ಟೆಗೆ ತುಪ್ಪ ಹಾಕಿ, ‘ಸರಿ, ನೀವು ಇಷ್ಟೆಲ್ಲ ಸ್ಟಡಿ ಮಾಡಿದೀರಲ್ಲ,’ ಎಂದಳು. ನನಗೆ ಆಗಲೇ ಅನುಮಾನ ಬಂತು. ನನ್ನ ತಂಗಿ ಹುಟ್ಟಿದಾಗಿನಿಂದ ಯಾವುದಕ್ಕೂ ಅಷ್ಟು ಬೇಗ ಸರಿ ಎಂದವಳಲ್ಲ.

ಅವನು ಸಾಮಾನು ಇಳಿಸಲು ಹೊರಗೆ ಹೋದಾಗ ನನ್ನನ್ನು ಮೇಲಿನ ಬಚ್ಚಲಿಗೆ ಕರೆದುಕೊಂಡು ಹೋದಳು. ಸಿಂಕಿನ ಕೆಳಗಿನ ಬಾಗಿಲು ತೆರೆದಳು. ಸೋಪಿನ ಪುಡಿ, ಫಿನಾಯಿಲು, ಹಳೆಯ ಟವೆಲುಗಳ ಹಿಂದೆ ತೆಂಗಿನಕಾಯಿ ಗಾತ್ರದ ಒಂದು ಪುಟ್ಟ ಪಂಪು ಗುಟ್ಟಾಗಿ ಗುನುಗುತ್ತಿತ್ತು. ನಾವು ಹೊರಟ ಮರುದಿನವೇ ಪ್ಲಂಬರನ್ನು ಕರೆಸಿದ್ದಳಂತೆ.

‘ಮತ್ತೆ ನನ್ನನ್ನ ಯಾಕೆ ಆ ಬೆಕ್ಕು, ಆಂಟಿ, ಹಣ್ಣು ಅಂತ ಊರೂರು ತಿರುಗಿಸಿದೆ?’ ಎಂದು ಕೇಳಿದೆ.

‘ಇವ್ರನ್ನ ಮನೆಯಿಂದ ಯಾರಾದ್ರೂ ಹೊರಗೆ ಕರ್ಕೊಂಡು ಹೋಗ್ಬೇಕಿತ್ತಲ್ಲ ಅಕ್ಕ,’ ಎಂದಳು. ‘ಕೋವಿಡ್ ಬಂದಾಗಿನಿಂದ ಇವ್ರು ಹೊರಗೇ ಹೋಗಿಲ್ಲ.’

ಮರುದಿನ ಬೆಳಿಗ್ಗೆ ವಾಣಿ ಹೊರಟುಹೋದ ಮೇಲೆ ನಾನು ಉಪ್ಪಿಟ್ಟು ಕೆದಕುತ್ತಿದ್ದೆ. ರಘು ಸ್ನಾನ ಮುಗಿಸಿ ಇಳಿದುಬಂದ.

‘ಇವತ್ತು ಬಿಸಿನೀರು ಬೇಗ ಬಂತು ಅತ್ತಿಗೆ,’ ಎಂದ. ‘ಹೊರಗೆ ಸೆಕೆ ಶುರುವಾಯ್ತು ನೋಡಿ. ಪೈಪೆಲ್ಲ ಬೆಚ್ಚಗಾಗಿರತ್ತೆ.’

ಹೊರಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬಿಳಿ ಬಿಳಿ ಹೊಳೆಯುತ್ತಿತ್ತು. ನಾನು ಒಲೆಯ ಕಡೆ ತಿರುಗಿ, ಹೌದು, ಬಹಳ ಸೆಕೆ ಎಂದೆ. ಸಂಜೆ ವಾಣಿಗೆ ಇದನ್ನು ಹೇಳಿದಾಗ ಇಬ್ಬರೂ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಇಷ್ಟು ಓದಿದವನು, ಇಷ್ಟು ಪಂಪು ಅಳೆದವನು, ತನ್ನ ಮನೆಯ ಪಂಪನ್ನೇ ಕಾಣಲಿಲ್ಲವಲ್ಲ ಎಂದು.

ವರ್ಜೀನಿಯಾದ ಡಲ್ಲಸ್ ವಿಮಾನ ನಿಲ್ದಾಣ

ನಾನು ಹೊರಡುವ ದಿನ ವಾಣಿಗೆ ಲ್ಯಾಬು ಬಿಡುವ ಹಾಗಿರಲಿಲ್ಲ. ಮನೆಯಲ್ಲೇ ಇಬ್ಬರೂ ಅತ್ತು ಮುಗಿಸಿದೆವು. ರಘು ಕಾರಿನಲ್ಲಿ ಕರೆದುಕೊಂಡು ಹೊರಟ. ಬಹಳ ದೂರ ಪಂಪಿನ ಮಾತೇ ಆಡಲಿಲ್ಲ. ಮೈ ಹುಷಾರಿಲ್ಲವೇನೋ ಎಂದುಕೊಂಡೆ. ವಿಮಾನಗಳು ತಲೆಯ ಮೇಲೆ ಹಾರುವುದು ಕಾಣತೊಡಗಿದಾಗ ರೇಡಿಯೋ ನಿಲ್ಲಿಸಿದ.

‘ಅತ್ತಿಗೆ, ಮೇಲ್ಗಡೆ ಸಿಂಕ್ ಕೆಳಗೆ ವಾಣಿ ಒಂದು ಪಂಪ್ ಹಾಕಿಸಿದಾಳೆ.’

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಹೌದಾ ಎಂದೆ.

‘ನಿಮಗೂ ಗೊತ್ತು ಅಂತ ನಂಗೊತ್ತು.’

‘ನಿಮಗೆ ಯಾವಾಗ ಗೊತ್ತಾಯ್ತು ರಘು?’

‘ಬಂದ ದಿನಾನೇ. ಹಲ್ಲುಜ್ಜೋಕೆ ತಣ್ಣೀರು ತಿರುಗಿಸಿದ್ರೆ ಬೆಚ್ಚಗೆ ಬಂತು. ಪ್ರಸಾದನ ಮನೆ ಥರಾನೇ.’

‘ಮತ್ತೆ ಸೆಕೆ ಅಂತೆಲ್ಲ ಯಾಕೆ ಅಂದ್ರಿ?’

ಅವನು ವಿಮಾನ ನಿಲ್ದಾಣದ ದಾರಿಗೆ ಕಾರು ತಿರುಗಿಸಿದ. ಹಲ್ಲು ಕಡಿಯುತ್ತಿರಲಿಲ್ಲ ಎಂಬುದನ್ನು ಗಮನಿಸಿದೆ.

‘ಬೆಳಿಗ್ಗೆ ಜಗಳ ಮಾಡೋಣ ಅಂತಾನೇ ಮೇಲೆ ಹೋದೆ ಅತ್ತಿಗೆ. ಅವಳು ಸ್ನಾನದ ಮನೇಲಿ ಹಾಡ್ತಿದ್ಲು. ಈ ಮನೆಗೆ ಬಂದ್ಮೇಲೆ ಬೆಳಿಗ್ಗೆ ಹೊತ್ತು ಅವಳು ಹಾಡಿದ್ದು ನಾನು ಕೇಳೇ ಇರ್ಲಿಲ್ಲ. ಬಾಗಿಲ ಹತ್ರ ನಿಂತು ಕೇಳ್ದೆ. ಆಮೇಲೆ ಕೆಳಗೆ ಬಂದ್ಬಿಟ್ಟೆ.’

ಇಷ್ಟು ದಿನ ಇವನನ್ನು ಮನಸ್ಸಿನಲ್ಲೇ ಎಷ್ಟು ಗೋಳು ಹೊಯ್ದುಕೊಂಡಿದ್ದೆನೆಂದು ನನಗೆ ನಾಚಿಕೆಯಾಯಿತು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ತಿರುಗಿದೆ.

‘ಆದ್ರೂ ಟ್ವೆಂಟಿಫೋರ್ ಅವರ್ಸ್ ಓಡಿಸ್ತಿದಾಳೆ ಅತ್ತಿಗೆ,’ ಎಂದ. ‘ಅದಕ್ಕೊಂದು ಟೈಮರ್ ಹಾಕೋದು ಒಳ್ಳೇದು. ನೀವೇ ಹೇಳ್ಬಿಡಿ ಅವಳಿಗೆ. ನನ್ನ ಹೆಸರು ಮಾತ್ರ ಎತ್ಬೇಡಿ.’

ವಿಮಾನ ಹತ್ತುವ ಬಾಗಿಲಿನ ಹತ್ತಿರ ಕುಳಿತು ವಾಣಿಗೆ ಫೋನು ಮಾಡಿದೆ. ಹಿಂದೆ ಲ್ಯಾಬಿನ ಯಂತ್ರಗಳ ಸದ್ದು ಕೇಳುತ್ತಿತ್ತು. ವಿಮಾನದ ಊಟ, ನನ್ನ ಸೂಟ್‌ಕೇಸಿನ ತೂಕ, ಎಲ್ಲ ಮಾತಾಡಿದ ಮೇಲೆ, ಈಗಷ್ಟೇ ಹೊಳೆದವಳ ಹಾಗೆ ಹೇಳಿದೆ. ‘ವಾಣಿ, ಆ ಪಂಪಿಗೊಂದು ಟೈಮರ್ ಹಾಕ್ಸು. ಸುಮ್ನೆ ಇಡೀ ದಿನ ಯಾಕೆ ಓಡ್ಬೇಕು? ನಂಗೇ ಹಾಗನ್ನಿಸ್ತು.’

ಆ ಕಡೆ ಅವಳು ಯಂತ್ರದಿಂದ ದೂರ ಬಂದಿರಬೇಕು, ಸದ್ದು ಕಡಿಮೆಯಾಯಿತು.

‘ಅಕ್ಕ,’ ಎಂದಳು. ‘ಇವ್ರು ಎಷ್ಟು ವ್ಯಾಟ್ ಅಂದ್ರು?’